ಮಾತ್ರೆಗೆ ಡಬಲ್ ಡ್ಯೂಟಿ ಇಲ್ಲ

ಫೋರ್‌ಮನ್‌ರನ್ನು ಅವರ ಮಗಳು ನನ್ನ ಕ್ಲಿನಿಕ್ಕಿಗೆ ಕೈಹಿಡಿದು ಕರೆತರಲಿಲ್ಲ, ರಟ್ಟೆ ಹಿಡಿದು ಎಳೆತಂದಳು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದವಳೇ ಚೀಲದಿಂದ ಒಂದು ಚಪ್ಪಲಿ ತೆಗೆದು ನನ್ನ ಮೇಜಿನ ಮೇಲೆ, ಬಿಪಿ ಯಂತ್ರದ ಪಕ್ಕದಲ್ಲೇ ಇಟ್ಟಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಚಪ್ಪಲಿಯ ಅಂಚಿನಲ್ಲಿ ಕತ್ತಿಯ ಆಕಾರದ ಸುಟ್ಟ ಗುರುತು ಕಂಡಿತು. ರಬ್ಬರು ಅಡಿಯವರೆಗೂ ಕರಗಿ ಹೋಗಿತ್ತು. ಬಾಯಿ ಮುಚ್ಚಿಕೊಂಡು ಅವರ ಕಾಲು ನೋಡಿದೆ. ಕಿರುಬೆರಳಿನ ಪಕ್ಕದಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು.

ಕಾದ ಕತ್ತಿ ಕಾಲ ಮೇಲೆ ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ರಬ್ಬರು ಸುಟ್ಟ ವಾಸನೆಗೆ ಮಗಳು ಓಡಿ ಬಂದಾಗ ಹೊಗೆಯಾಡುತ್ತಿದ್ದ ತಮ್ಮದೇ ಚಪ್ಪಲಿಯನ್ನು ಯಾರದೋ ಎಂಬಂತೆ ನೋಡುತ್ತ ನಿಂತಿದ್ದರಂತೆ. ಅವಳು ಅವತ್ತೇ ಶೆಡ್ಡಿಗೆ ಬೀಗ ಹಾಕಿ ಬೀಗದ ಕೈಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಿದ್ದಳು.

ಆ ಶೆಡ್ಡು ಏನೆಂದು ಹೇಳಬೇಕು. ಫೋರ್‌ಮನ್ ಭದ್ರಾವತಿಯ ಕಾರ್ಖಾನೆಯೊಂದರ ಕುಲುಮೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ತಮಿಳು. ಮನೆಯ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು, ಬೆಂಕಿಯಲ್ಲಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಕತ್ತಿಗಳಿಗೆ ಹದ ಹಾಕುತ್ತಾರೆ. ಅಡಿಕೆ ಸುಲಿಯುವವರು ಕಾಲಲ್ಲಿ ಮೆಟ್ಟಿ ಕೂರುವ ಮೆಟ್ಟುಗತ್ತಿಗೆ ಅವರು ಕೊಡುವ ಹದವನ್ನು ಈ ಕಡೆ ಇನ್ನೊಬ್ಬರು ಕೊಡಲಾರರು. ಶಿವಮೊಗ್ಗದ ಗಾಂಧಿ ಬಜಾರಿನ ಕಬ್ಬಿಣದ ಅಂಗಡಿಯವರೇ ಕತ್ತಿಗಳನ್ನು ಕಟ್ಟು ಕಟ್ಟಿ ಇಲ್ಲಿಗೆ ಕಳಿಸುತ್ತಾರೆ. ಸುಲಿಗೆಯ ಕಾಲ ಹತ್ತಿರ ಬಂದಿತ್ತು. ಕಟ್ಟುಗಳು ಜಗುಲಿಯ ಮೇಲೆ ಬಂದು ಬಿದ್ದಿದ್ದವು, ಶೆಡ್ಡು ಮುಚ್ಚಿತ್ತು.

ಮಗಳು ಶಿವಮೊಗ್ಗದ ಹೈಸ್ಕೂಲೊಂದರ ಗಣಿತ ಟೀಚರ್. ದಿನಾ ರೈಲಿನಲ್ಲಿ ಹೋಗಿ ಬರುವವಳು. ಅವಳು ನನ್ನ ಮುಂದೆ ಲೆಕ್ಕ ಬಿಡಿಸಿದ ಹಾಗೆ ಹೇಳಿದಳು: ಅಪ್ಪ ಕೂತಲ್ಲೇ ನಿದ್ದೆ ಹೋಗುತ್ತಾರೆ, ನಡೆದರೆ ಗೋಡೆ ಹಿಡಿಯುತ್ತಾರೆ, ಕಾಫಿ ಲೋಟ ಕೈಯಿಂದ ಚಿಮ್ಮಿ ಬೀಳುತ್ತದೆ, ಮೊನ್ನೆ ನನ್ನನ್ನು ಅತ್ತೆಯ ಹೆಸರಿನಿಂದ ಕರೆದರು. ಶಿವಮೊಗ್ಗದಲ್ಲಿ ತಲೆಯ ಸ್ಕ್ಯಾನ್ ಕೂಡ ಆಗಿತ್ತು, ಪಾರ್ಶ್ವವಾಯುವಿನ ಗುರುತಿಲ್ಲ. ಬಂಧುಗಳೆಲ್ಲ ಸೇರಿ ತೀರ್ಪು ಕೊಟ್ಟಾಗಿತ್ತು: ಅರವತ್ತಕ್ಕೆ ಅರಳುಮರಳು, ಇವರಿಗೋ ಎಪ್ಪತ್ತು ದಾಟಿದೆ. ಇನ್ನು ಶೆಡ್ಡು ಕಿತ್ತು ಹಾಕುವುದೊಂದೇ ಬಾಕಿ ಎಂದಳು. ಅಪ್ಪನ ಬಗ್ಗೆ ಅಪ್ಪನ ಎದುರಿಗೇ ಹೀಗೆ ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಬೇರೆ ಕಡೆ ಇತ್ತು.

ಗಾದೆ ಹೇಳುವುದು ಸುಲಭ, ಪರೀಕ್ಷೆ ಮಾಡುವುದು ಕಷ್ಟ. ಅರಳುಮರಳು ಒಂದು ತಿಂಗಳಲ್ಲಿ ಹೀಗೆ ಓಡಿ ಬರುವುದಿಲ್ಲ. ಮೊದಲು ಸಕ್ಕರೆ ನೋಡಿದೆ, ತೀರಾ ಇಳಿದಿರಲಿಲ್ಲ. ಮುಖ ಒಂದು ಕಡೆ ಜೋತಿಲ್ಲ, ಎರಡೂ ಕೈಯ ಹಿಡಿತ ಬಿಗಿಯಾಗಿದೆ. ಎರಡೂ ಕೈ ಮುಂದೆ ಚಾಚಿ ಅಂಗೈ ಮೇಲೆತ್ತಿ ಹಿಡಿಯಿರಿ ಎಂದೆ. ಹಿಡಿದರು. ಸ್ವಲ್ಪ ಹೊತ್ತಿಗೆ ಕೈ ತಟಕ್ಕನೆ ಕುಸಿದು ಮತ್ತೆ ಮೇಲೆದ್ದಿತು. ಮತ್ತೆ ಹಾಗೇ ಆಯಿತು. ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿ ಅದನ್ನೇ ನೋಡಲು ಹೇಳಿದಾಗ ಕಣ್ಣುಗುಡ್ಡೆಗಳು ನಿಲ್ಲಲಾರದೆ ಅಲುಗಿದವು. ಬೆರಳು ಎಷ್ಟು ಕಾಣುತ್ತಿದೆ ಎಂದು ಕೇಳಿದೆ.

"ಎರಡು," ಎಂದರು ಫೋರ್‌ಮನ್, ನಾಚಿಕೊಂಡು. "ಶೆಡ್ಡಲ್ಲೂ ಹಂಗೇ ಡಾಕ್ಟ್ರಮ್ಮ. ಕತ್ತಿ ಎರಡು ಕಾಣ್ತವೆ, ಎಣ್ಣೆ ಡ್ರಮ್ಮೂ ಎರಡು. ಬಲಗಡೆದು ನಿಜ ಅಂತ ಇಟ್ಕೊಂಡಿದ್ದೆ. ಅವತ್ತು ಎಡಗಡೆದು ನಿಜ ಆಗಿತ್ತು."

ಮಗಳಿಗೆ ಈ ವಿಷಯ ಗೊತ್ತಿರಲಿಲ್ಲ. ಅವಳು ಮುಖ ಮುಚ್ಚಿಕೊಂಡಳು. ನನಗೆ ನಗುವೂ ಬಂತು, ಭಯವೂ ಆಯಿತು.

ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದೆ. ಸಕ್ಕರೆ ಕಾಯಿಲೆಯಿಂದ ಅವರ ಕಾಲಿನ ನರಗಳು ಕೆಟ್ಟಿದ್ದವು. ಇದರ ವಿಚಿತ್ರವೇ ಅದು: ಹೊರಗಿನ ಬೆಂಕಿ ತಾಗಿದರೆ ತಿಳಿಯುವುದಿಲ್ಲ, ಒಳಗೆ ಬೆಂಕಿಯೇ ಇಲ್ಲದೆ ಅಂಗಾಲು ಉರಿಯುತ್ತದೆ. ಆಯುಷ್ಯವಿಡೀ ಕುಲುಮೆಯ ಮುಂದೆ ನಿಂತಾಗ ಉರಿಯದ ಕಾಲು ಈಗ ಫ್ಯಾನಿನ ಕೆಳಗೆ ಉರಿಯುತ್ತದೆ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಆ ಉರಿಗೆ ಶಿವಮೊಗ್ಗದ ನರರೋಗ ತಜ್ಞರು ಗ್ಯಾಬಪೆಂಟಿನ್ ಕ್ಯಾಪ್ಸೂಲ್ ಕೊಟ್ಟಿದ್ದರು, ದಿನಕ್ಕೆ ಮೂರು ಹೊತ್ತು. ಕೊಟ್ಟದ್ದು ಸರಿಯಾದ ಔಷಧ, ಪ್ರಮಾಣವೂ ಆಗಿನ ರಕ್ತಪರೀಕ್ಷೆಗೆ ತಕ್ಕುದೇ. ನರಗಳು ಸುಮ್ಮಸುಮ್ಮನೆ ಕೂಗುವ ಕೂಗನ್ನು ಅದು ತಗ್ಗಿಸುತ್ತದೆ. ಆದರೆ ಪ್ರಮಾಣ ಏರಿದರೆ ನರಗಳ ಜೊತೆ ಮೆದುಳಿನ ಬಾಯನ್ನೂ ಮುಚ್ಚಿಸುತ್ತದೆ. ಆಗ ಜೋಂಪು, ತೂರಾಟ, ಎರಡೆರಡು ಕಾಣುವುದು, ಕೈ ಚಿಮ್ಮುವುದು, ಹೆಸರು ಮರೆಯುವುದು.

ಇಲ್ಲಿ ಪ್ರಮಾಣ ಏರಿದ್ದು ಹೇಗೆ? ಚೀಟಿಯಲ್ಲಿ ಬರೆದದ್ದನ್ನು ಓದುವುದರಿಂದ ಇದು ತಿಳಿಯುವುದಿಲ್ಲ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಹೇಗೆ ತೆಗೆದುಕೊಂಡಿರಿ, ಹಾಗೇ ಹೇಳಿ ಎಂದೆ.

ಫೋರ್‌ಮನ್ ಬೆನ್ನು ನೆಟ್ಟಗೆ ಮಾಡಿ ಕೂತರು. ಫಸ್ಟ್ ಶಿಫ್ಟಿಗೆ ಒಂದು ಸಲ, ಸೆಕೆಂಡ್ ಶಿಫ್ಟಿಗೆ ಒಂದು ಸಲ, ನೈಟಿಗೆ ಒಂದು ಸಲ. ಕಾರ್ಖಾನೆ ಬಿಟ್ಟು ಇಷ್ಟು ವರ್ಷವಾದರೂ ಅವರ ದಿನ ಶಿಫ್ಟುಗಳಲ್ಲೇ ನಡೆಯುತ್ತಿತ್ತು. ಭೇಷ್ ಎಂದೆ. ಈ ಔಷಧಕ್ಕೆ ಎಂಟು ಗಂಟೆಯ ಅಂತರಕ್ಕಿಂತ ಒಳ್ಳೆಯದಿಲ್ಲ. ಒಂದು ಹೊತ್ತಿನದು ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಮರೆತ್ರೆ ಬಿಡೋಕಾಗ್ತದಾ ಅಮ್ಮಾ? ರಿಲೀವರ್ ಬರ್ಲಿಲ್ಲ ಅಂದ್ರೆ ಇದ್ದೋನೇ ಡಬಲ್ ಡ್ಯೂಟಿ ಮಾಡ್ಬೇಕು. ಫರ್ನೇಸ್ ಒಂದು ನಿಮಿಷಾನೂ ಖಾಲಿ ಬಿಡ್ಬಾರ್ದು."

ಬೇರೆ ಊರಿನ ವೈದ್ಯರಾಗಿದ್ದರೆ ಈ ಮಾತನ್ನು ಮುದುಕರ ಹರಟೆ ಎಂದು ಬಿಟ್ಟುಬಿಡುತ್ತಿದ್ದರೇನೋ. ನಾನು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ನನ್ನ ಅಪ್ಪನೂ ಶಿಫ್ಟಿನವರೇ. ರಿಲೀವರ್ ಬರದ ದಿನ ಅಮ್ಮ ಇನ್ನೊಂದು ಊಟದ ಕ್ಯಾರಿಯರ್ ತುಂಬಿ ಗೇಟಿಗೆ ಕಳಿಸುತ್ತಿದ್ದುದು, ಡಬಲ್ ಮುಗಿಸಿ ಬಂದ ಅಪ್ಪ ಸುಸ್ತಿನಲ್ಲೂ ಎದೆಯುಬ್ಬಿಸಿ ನಡೆಯುತ್ತಿದ್ದುದು ನನಗೆ ನೆನಪಿದೆ. ಜಾಗ ಖಾಲಿ ಬಿಟ್ಟು ಬರುವುದು ಈ ಊರಿನಲ್ಲಿ ಮಾನ ಹೋಗುವ ಕೆಲಸ. ಫೋರ್‌ಮನ್ ಅದೇ ಧರ್ಮವನ್ನು ಕ್ಯಾಪ್ಸೂಲಿಗೂ ಹಾಕಿದ್ದರು. ಮಧ್ಯಾಹ್ನ ಜೋಂಪಿನಲ್ಲಿ ಮರೆತದ್ದನ್ನು ರಾತ್ರಿ ಸೇರಿಸಿ ನುಂಗುವುದು, ಅದರಿಂದ ಇನ್ನೂ ಜೋಂಪು, ಜೋಂಪಿನಲ್ಲಿ ಮುಂದಿನದನ್ನು ಮರೆಯುವುದು, ಮರೆತದ್ದಕ್ಕೆ ಮತ್ತೆ ಡಬಲ್. ಉರಿ ಜಾಸ್ತಿಯಾದ ದಿನ ಇವೆಲ್ಲದರ ಮೇಲೆ ಒಂದು ಓಟಿ, ಅಂದರೆ ಓವರ್‌ಟೈಮಿನ ಕ್ಯಾಪ್ಸೂಲ್.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಭುಜದ ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುತ್ತಿದ್ದರು. ಸಕ್ಕರೆ ಕಾಯಿಲೆಯವರ ಕಿಡ್ನಿಗೆ ಅದು ಶತ್ರು. ಅವತ್ತೇ ರಕ್ತ ಕಳಿಸಿದೆ. ಕಿಡ್ನಿಗಳು ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದ್ದವು. ಗ್ಯಾಬಪೆಂಟಿನ್ ಮೈಯಲ್ಲಿ ಜೀರ್ಣವಾಗುವುದಿಲ್ಲ, ಬಂದ ಹಾಗೆಯೇ ಕಿಡ್ನಿಯ ಮೂಲಕ ಹೊರಗೆ ಹೋಗಬೇಕು. ಟಾಕೀಸಿನಲ್ಲಿ ಆಟ ಬಿಟ್ಟಾಗ ಬಾಗಿಲು ಅರ್ಧ ಮುಚ್ಚಿದ್ದರೆ ಏನಾಗುತ್ತದೋ ಅದೇ ಅವರ ರಕ್ತದಲ್ಲಿ ಆಗುತ್ತಿತ್ತು.

ಶಿವಮೊಗ್ಗದ ತಜ್ಞರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕಿಡ್ನಿಯ ಈಗಿನ ಫಲಿತಾಂಶ ಕಂಡಿದ್ದರೆ ನಾನೂ ಪ್ರಮಾಣ ಇಳಿಸುತ್ತಿದ್ದೆ ಎಂದರು. ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ನೋವಿನ ಮಾತ್ರೆ ಅವತ್ತಿನಿಂದಲೇ ಬಂದ್. ಗ್ಯಾಬಪೆಂಟಿನ್ ಆ ಕಿಡ್ನಿಗಳು ತಾಳುವ ಮಟ್ಟಕ್ಕೆ ಮೊದಲು ಇಳಿಯಬೇಕು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ರಾತ್ರಿಯ ಒಂದೇ ಕ್ಯಾಪ್ಸೂಲಿಗೆ ಬರಬೇಕು. ನಿದ್ದೆ ಮಾತ್ರೆ, ಕೆಮ್ಮಿನ ಸಿರಪ್ಪು, ಬಲವಾದ ನೋವಿನ ಮಾತ್ರೆ ಯಾವುದೂ ಜೊತೆಗೆ ಸೇರಬಾರದು, ಸೇರಿದರೆ ಉಸಿರಾಟವೇ ನಿಧಾನವಾಗುವ ಅಪಾಯವಿದೆ. ಆಸ್ಪತ್ರೆಗೆ ಸೇರಿಸಬೇಕೇ ಎಂಬುದನ್ನೂ ಯೋಚಿಸಿದೆವು. ಕರೆದರೆ ಏಳುತ್ತಿದ್ದರು, ಬೆರಳಿಗೆ ಹಾಕಿದ ಆಮ್ಲಜನಕದ ಕ್ಲಿಪ್ಪು ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು. ಮನೆಯಲ್ಲೇ ಇರಲಿ, ದಿನಾ ನಾನು ನೋಡುತ್ತೇನೆ ಎಂದೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ಮೆಲ್ಲಗಾದರೆ ನನಗೆ ಕಾಯದೆ ನೇರವಾಗಿ ಶಿವಮೊಗ್ಗಕ್ಕೆ ಹೊರಡಬೇಕೆಂದು ಮಗಳಿಗೆ ಹೇಳಿಕೊಟ್ಟೆ.

ಅವಳಿಗೆ ಇದು ಹಿಡಿಸಲಿಲ್ಲ. ವಿಷ ಎಂದು ಗೊತ್ತಾದ ಮೇಲೆ ಇನ್ನೂ ಯಾಕೆ ಕೊಡುವುದು, ಇವತ್ತೇ ನಿಲ್ಲಿಸಿ ಎಂದಳು. ಅದು ವಿಷವಲ್ಲ, ಜಾಸ್ತಿಯಾದ ಔಷಧ ಎಂದೆ. ಒಪ್ಪಿದ ಹಾಗೆ ತಲೆಯಾಡಿಸಿದಳು.

ಒಂದು ವಾರದಲ್ಲಿ ಫೋರ್‌ಮನ್ ಗೋಡೆ ಬಿಟ್ಟು ನಡೆಯತೊಡಗಿದರು. ಮಗಳನ್ನು ಮಗಳ ಹೆಸರಿನಿಂದಲೇ ಕರೆದರು. ಕೈ ಚಿಮ್ಮುವುದು ನಿಂತಿತು. ಕಣ್ಣು ಮಾತ್ರ ಪೂರ್ತಿ ಸರಿಹೋಗಿರಲಿಲ್ಲ, ಸಂಜೆಯ ಹೊತ್ತಿಗೆ ಕತ್ತಿ ಮತ್ತೆ ಎರಡಾಗುತ್ತಿತ್ತು. ನಾನು ಒಳಗೊಳಗೇ ಬೀಗುತ್ತಿದ್ದೆ. ಆಗ ಬಿತ್ತು ಪೆಟ್ಟು.

ಒಂದು ಬೆಳಿಗ್ಗೆ ಫೋನ್ ಬಂತು. ಹೋಗಿ ನೋಡಿದರೆ ಫೋರ್‌ಮನ್ ಬೆವರಿನಲ್ಲಿ ತೊಯ್ದು ಹೋಗಿದ್ದಾರೆ. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ. ಮೈ ನಡುಗುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ, ಅಂಗಾಲು ಹಿಂದೆಂದೂ ಇಲ್ಲದಷ್ಟು ಉರಿಯುತ್ತಿದೆ. ಏನೋ ಆಗಿಹೋಗುತ್ತದೆ ಎಂಬ ಭಯ ಅವರ ಮುಖದಲ್ಲಿತ್ತು. ಆ ಮನುಷ್ಯನ ಮುಖದಲ್ಲಿ ಭಯವನ್ನು ನಾನು ನೋಡಿದ್ದು ಅದೊಂದೇ ಸಲ. ಸಕ್ಕರೆ ಕುಸಿಯಿತೇ ಎಂದು ನೋಡಿದೆ, ಇಲ್ಲ. ಜ್ವರವೂ ಇಲ್ಲ. ಕ್ಯಾಪ್ಸೂಲ್ ತೋರಿಸಿ ಎಂದೆ. ಮಗಳು ಕಸದ ಬುಟ್ಟಿಯ ಕಡೆ ನೋಡಿದಳು.

ಅವಳು ಸ್ಟ್ರಿಪ್ಪುಗಳನ್ನೆಲ್ಲ ಕಸಕ್ಕೆ ಎಸೆದಿದ್ದಳು. ಯಾರೋ ಬಂಧುಗಳು ಒಂದು ವಿಡಿಯೋ ಕಳಿಸಿದ್ದರಂತೆ: ಇಂಥ ಮಾತ್ರೆಯನ್ನು ಹುಡುಗರು ಮತ್ತಿಗಾಗಿ ನುಂಗುತ್ತಾರೆ, ಮನೆಯಲ್ಲಿದ್ದರೆ ಇವತ್ತೇ ಎಸೆಯಿರಿ ಎಂದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ನಾನು ಕೂಗಾಡಿದೆ. ಲೆಕ್ಕದ ಟೀಚರಿಗೆ ಕೂಡುವುದು ಕಳೆಯುವುದು ಗೊತ್ತಿದ್ದರೆ ಸಾಲದು, ಕೇಳುವುದೂ ಗೊತ್ತಿರಬೇಕು ಎಂದೆ. ಅವಳು ಅತ್ತಳು. ಅಪ್ಪ ಮತ್ತೆ ತೂರಾಡುವುದನ್ನು ನೋಡಲಾರೆ, ಅದಕ್ಕೇ ಎಸೆದೆ ಎಂದಳು. ಆಗ ನನ್ನ ಕೋಪ ಇಳಿಯಿತು.

ವಿಡಿಯೋದಲ್ಲಿದ್ದುದು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಒಪ್ಪಿಕೊಂಡು ವಿವರಿಸಿದೆ. ಈ ಬಗೆಯ ಔಷಧಗಳನ್ನು ಮತ್ತಿಗಾಗಿ ಬಳಸುವವರು ಇದ್ದಾರೆ, ಅದಕ್ಕೇ ಚೀಟಿ ಇಲ್ಲದೆ ಕೊಡಬಾರದು, ಅಕ್ಕಪಕ್ಕದವರಿಗೆ ಹಂಚಬಾರದು. ಆದರೆ ಬಹಳ ಕಾಲ ತೆಗೆದುಕೊಂಡ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ತಗ್ಗಿಸಿಟ್ಟ ನರಗಳೆಲ್ಲ ಒಟ್ಟಿಗೆ ಏಳುತ್ತವೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅವಳು ಕೇಳುತ್ತಿದ್ದಳು, ಆದರೆ ನಂಬಿದ ಹಾಗೆ ಕಾಣಲಿಲ್ಲ. ಆಗ ಹಾಸಿಗೆಯಲ್ಲಿ ನಡುಗುತ್ತ ಮಲಗಿದ್ದ ಫೋರ್‌ಮನ್ ನನ್ನ ಮಾತನ್ನು ಅರ್ಧಕ್ಕೆ ತಡೆದು ಮಗಳ ಕಡೆ ತಿರುಗಿದರು.

"ಮಾರಾಯ್ತಿ, ಇಲ್ಲಿ ಕೇಳು. ಕಾದ ಫರ್ನೇಸನ್ನ ರಿಪೇರಿಗೆ ಅಂತ ಥಟ್ಟನೆ ಆರಿಸಿದ್ರೆ ಏನಾಗ್ತದೆ? ಒಳಗಿನ ಇಟ್ಟಿಗೆ ಎಲ್ಲಾ ಬಿರುಕು ಬಿಡ್ತದೆ. ದಿನಕ್ಕಿಷ್ಟು ಅಂತ ಬೆಂಕಿ ಇಳಿಸ್ಬೇಕು, ಕೈ ಇಡೋ ಹಂಗಾಗೋವರ್ಗೂ ಕಾಯ್ಬೇಕು. ನಾನು ಎಷ್ಟು ಜನಕ್ಕೆ ಇದನ್ನ ಕಲಿಸಿದೀನಿ. ನೀನು ನಿಮ್ಮಪ್ಪನ್ನ ಒಂದೇ ಏಟಿಗೆ ಆರಿಸ್ಬಿಟ್ಟೆ."

ಆಮೇಲೆ ನಾನು ವಿವರಿಸುವುದು ಏನೂ ಉಳಿಯಲಿಲ್ಲ. ಮಗಳು ಆ ಕ್ಷಣವೇ ಮೆಡಿಕಲ್ ಅಂಗಡಿಗೆ ಹೊರಟಳು. ಇಳಿಸಿ ನಿಲ್ಲಿಸಿದ್ದ ಮೆಟ್ಟಿಲಿಗೇ ಹಿಂತಿರುಗಿ ಮತ್ತೆ ಶುರು ಮಾಡಿದೆವು. ಸಂಜೆಯ ಹೊತ್ತಿಗೆ ನಡುಕ ಇಳಿಯಿತು. ಮರುದಿನ ಅವರು ನಿದ್ದೆ ಮಾಡಿದರು.

ಅವತ್ತು ನಾನೊಂದು ತೀರ್ಮಾನಕ್ಕೆ ಬಂದೆ. ಇಲ್ಲಿಯವರೆಗೆ ಪ್ರಮಾಣ ಇಳಿಸುವ ಲೆಕ್ಕ ನನ್ನ ಕೈಯಲ್ಲಿತ್ತು, ಮನೆಯವರು ಪಾಲಿಸುವವರು ಮಾತ್ರ. ಇನ್ನು ಬೆಂಕಿ ಇಳಿಸುವ ಕೆಲಸ ಫೋರ್‌ಮನ್‌ರದೇ ಎಂದೆ. ಯಾವಾಗ ಒಂದು ಮೆಟ್ಟಿಲು ಇಳಿಯಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಅವರ ಉರಿ, ನಿದ್ದೆ, ಕಣ್ಣು ನೋಡಿ ಅವರೇ ಹೇಳಬೇಕು, ನಾನು ಪರೀಕ್ಷಿಸಿ ಒಪ್ಪಿಗೆ ಕೊಡುತ್ತೇನೆ. ಒಂದೇ ಒಂದು ಕಟ್ಟಳೆ: ಮರೆತದ್ದು ಮರೆತುಹೋಯಿತು, ಮಾತ್ರೆಗೆ ಡಬಲ್ ಡ್ಯೂಟಿ ಇಲ್ಲ. ತಜ್ಞರು ಮೊದಲು ಅನುಮಾನಿಸಿದರು, ಮನುಷ್ಯ ಎಂಥವರೆಂದು ತಿಳಿದ ಮೇಲೆ ಸರಿ ಎಂದರು.

ಎಷ್ಟು ಚೆನ್ನಾಗಿ ಮಾಡಿದರು ಅವರು ಆ ಕೆಲಸವನ್ನು! ಮೊದಲು ಸೆಕೆಂಡ್ ಶಿಫ್ಟ್ ಮುಚ್ಚಿದರು. ಉರಿ ಸ್ವಲ್ಪ ಎದ್ದಿತು, ಅಲ್ಲೇ ನಿಂತರು, ಅವಸರ ಮಾಡಲಿಲ್ಲ. ಅದು ತಣ್ಣಗಾದ ಮೇಲೆ ಫಸ್ಟ್ ಶಿಫ್ಟ್ ಇಳಿಸಿದರು. ಬೊಬ್ಬೆಯ ಗಾಯ ಪೂರ್ತಿ ಮಾಯ್ದ ಮೇಲೆ ಉರಿಗೆ ಮೆಣಸಿನಕಾಯಿಯ ಸತ್ವದ ಮುಲಾಮು ಕೊಟ್ಟೆ. ಉರಿಗೆ ಖಾರವೇ ಎಂದು ಒಂದು ದಿನ ಪೂರ್ತಿ ನಕ್ಕರು, ಆದರೆ ತಪ್ಪದೆ ಹಚ್ಚಿದರು. ಸಕ್ಕರೆ ಹತೋಟಿಗೆ ಬಂತು. ಬೆಳಿಗ್ಗೆ ಸಂಜೆ ಮಗಳು ಅವರ ಅಂಗಾಲನ್ನು ಕನ್ನಡಿ ಹಿಡಿದು ನೋಡುತ್ತಿದ್ದಳು, ಗಾಯವಿದ್ದರೆ ಅವರಿಗೆ ತಿಳಿಯುವುದಿಲ್ಲವಲ್ಲ. ಕಿಡ್ನಿಯ ಫಲಿತಾಂಶ ಮೊದಲಿನಷ್ಟು ಆಗಲಿಲ್ಲ, ಮುಂದೆ ಆಗುವುದೂ ಇಲ್ಲ, ಆದರೆ ಒಂದಿಷ್ಟು ಚೇತರಿಸಿ ನಿಂತಿತು. ಉರಿಯೂ ಪೂರ್ತಿ ಹೋಗಿಲ್ಲ. ಬದುಕುವಷ್ಟು ಇದೆ ಎನ್ನುತ್ತಾರೆ.

ಕೊನೆಗೆ ನೈಟ್ ಶಿಫ್ಟಿನ ಒಂದೇ ಕ್ಯಾಪ್ಸೂಲ್ ಉಳಿಯಿತು. ಕ್ಲಿನಿಕ್ಕಿನ ಕೆಂಪು ನೆಲದ ಅಂಚುಪಟ್ಟಿಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿದೆ, ತಪ್ಪದೆ ನಡೆದರು. ಕೈ ಚಾಚಿಸಿದೆ, ಅಲುಗಲಿಲ್ಲ. ಕಣ್ಣುಗುಡ್ಡೆ ನಿಂತ ಕಡೆ ನಿಂತಿತು. ಅವರು ಮಗಳ ಬ್ಯಾಗಿನ ಕಡೆ ನೋಡಿದರು. ಮಗಳು ನನ್ನ ಕಡೆ ನೋಡಿದಳು. ಬೀಗದ ಕೈ ಕೊಡುವುದಾದರೆ ಡಾಕ್ಟರ್ ಶೆಡ್ಡಿನಲ್ಲಿ ಬಂದು ನಿಲ್ಲಬೇಕು ಎಂದಳು.

ಭಾನುವಾರ ಬೆಳಿಗ್ಗೆ ಹೋದೆ. ಬೀಗ ತೆಗೆದವಳು ಮಗಳೇ. ಚಪ್ಪಲಿಯ ಜಾಗದಲ್ಲಿ ಗಟ್ಟಿ ಬೂಟು ಬಂದಿತ್ತು, ಎಣ್ಣೆ ಡ್ರಮ್ಮಿನ ಪಕ್ಕ ಮರಳಿನ ಬಕೆಟ್ಟು. ಫೋರ್‌ಮನ್ ಇದ್ದಲು ಹೊತ್ತಿಸಿ, ಗಾಳಿ ಊದುವ ತಿದಿ ತಿರುಗಿಸಿ, ಮೆಟ್ಟುಗತ್ತಿಯೊಂದನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಕೊಟ್ಟರು. ಕೆಂಪಾದಾಗ ಅಯಸ್ಕಾಂತ ತಾಗಿಸಿ ನೋಡಿದರು, ಹಿಡಿಯಲಿಲ್ಲ. ಉಕ್ಕು ಸಾಕಷ್ಟು ಕಾದಿದೆ ಎಂಬುದಕ್ಕೆ ಅದೇ ಗುರುತಂತೆ. ಒಂದೇ ಬೀಸಿಗೆ ಕತ್ತಿಯನ್ನು ಎಣ್ಣೆಗೆ ಇಳಿಸಿದರು. ನನ್ನ ಪಕ್ಕ ನಿಂತಿದ್ದ ಮಗಳು ಮರಳಿನ ಬಕೆಟ್ಟಿಗೆ ಕೈ ಹಾಕಿದಳು. ಕತ್ತಿ ಡ್ರಮ್ಮಿನ ನಟ್ಟನಡುವೆ ಇಳಿಯಿತು.

ಕಷ್ಟದ ಕೆಲಸ ಇನ್ನೂ ಮುಂದಿತ್ತು. ಆರಿದ ಕತ್ತಿಯನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸಣ್ಣ ಬೆಂಕಿಯ ಮೇಲೆ ಹಿಡಿದರು. ಉಕ್ಕಿನ ಮೇಲೆ ಬಣ್ಣ ಹರಿಯಬೇಕು. ಒಣಹುಲ್ಲಿನ ಹಳದಿ ಬಂದ ಕ್ಷಣಕ್ಕೆ ತೆಗೆಯಬೇಕು, ಕಂದು ದಾಟಿ ನೀಲಿಗೆ ಹೋದರೆ ಕತ್ತಿ ಮೆತ್ತಗಾಯಿತು, ಸುಲಿಯುವವರು ಶಾಪ ಹಾಕುತ್ತಾರೆ. ಆ ಹಳದಿ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರೆ, ರೆಪ್ಪೆ ಬಡಿದರೆ ಹೋಯಿತು ಎಂದಿದ್ದರು. ನಾನು ಅವರ ಕತ್ತಿಯನ್ನು ನೋಡಲಿಲ್ಲ. ಅವರ ಕಣ್ಣನ್ನೇ ನೋಡುತ್ತಿದ್ದೆ. ಕಣ್ಣು ಅಲುಗಲಿಲ್ಲ.

ಕತ್ತಿ ಸರಕ್ಕನೆ ಬೆಂಕಿಯಿಂದ ಹೊರಗೆ ಬಂತು. ಬಾಯಿಯ ಉದ್ದಕ್ಕೂ ಒಣಹುಲ್ಲಿನ ಹಳದಿ, ಒಂದೇ ಸಮ. ಅದನ್ನು ಬಾಗಿಲ ಬೆಳಕಿಗೆ ಹಿಡಿದು ಫೋರ್‌ಮನ್ ತುಂಬಾ ಹೊತ್ತು ನೋಡಿದರು.

"ಒಂದೇ ಐತೆ ಡಾಕ್ಟ್ರಮ್ಮ," ಎಂದರು. "ಎಡಗಡೆದೂ ಇಲ್ಲ, ಬಲಗಡೆದೂ ಇಲ್ಲ. ಒಂದೇ ಕತ್ತಿ."

ನನ್ನ ಕೆಲಸದಲ್ಲಿ ಹೊಸ ಔಷಧ ಕೊಟ್ಟು ಹೆಮ್ಮೆಪಟ್ಟ ದಿನಗಳು ಇವೆ. ಔಷಧ ಇಳಿಸಿ ಅಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು, ಅದನ್ನು ಮುಚ್ಚಿಡುವ ಮನಸ್ಸೂ ನನಗಿಲ್ಲ. ಹೆಮ್ಮೆ ನನ್ನ ಬಗ್ಗೆ ಇತ್ತು, ಫೋನಿನಲ್ಲಿ ಸಿಟ್ಟಾಗದೆ ಕೇಳಿಸಿಕೊಂಡ ತಜ್ಞರ ಬಗ್ಗೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೈಯ ಬೆಂಕಿಯನ್ನು ತಾನೇ ಅಳೆದು ಇಳಿಸಿದ ಆ ಮನುಷ್ಯನ ಬಗ್ಗೆ ಇತ್ತು. ಈಗ ಯಾರು ಬಂದರೂ ಮಾತ್ರೆ ಏನೆಂದಷ್ಟೇ ಕೇಳಿ ಬಿಡುವುದಿಲ್ಲ, ಮರೆತರೆ ಏನು ಮಾಡುತ್ತೀರಿ ಎಂದೂ ಕೇಳುತ್ತೇನೆ. ನಮ್ಮೂರಿನ ಹಳೆಯ ಕೆಲಸಗಾರರಲ್ಲಿ ಡಬಲ್ ಡ್ಯೂಟಿಯವರು ಇನ್ನೂ ಸಿಗುತ್ತಾರೆ. ಕೆಲವರಿಗೆ ನಾನು ಹೇಳುವ ಮೊದಲೇ ಗೊತ್ತಿರುತ್ತದೆ. ಸಂಜೆ ಚಹದಂಗಡಿಯಲ್ಲಿ ಫೋರ್‌ಮನ್ ಪಾಠ ಮಾಡಿರುತ್ತಾರೆ.

ಅವತ್ತು ಶೆಡ್ಡಿನಲ್ಲಿ ಮಗಳು ಮುಂದೆ ಬಂದಳು. ಅಪ್ಪನ ಕೈಯಿಂದ ಕತ್ತಿ ಇಸಿದುಕೊಂಡು ಜಗುಲಿಯ ಮೇಲಿಟ್ಟಳು. ಗಾಂಧಿ ಬಜಾರಿನಿಂದ ಬಂದಿದ್ದ ಕಟ್ಟನ್ನು ಬಿಚ್ಚಿ ಇನ್ನೊಂದು ಕತ್ತಿ ತಂದು ಕೊಟ್ಟಳು. ಆಮೇಲೆ ಬ್ಯಾಗಿನಿಂದ ಬೀಗದ ಕೈ ತೆಗೆದು, ಅದು ಮೊದಲು ನೇತಾಡುತ್ತಿದ್ದ ಮೊಳೆಗೇ ನೇತುಹಾಕಿ, ಅಪ್ಪನಿಗೆ ಕಾಫಿ ತರಲು ಒಳಗೆ ಹೋದಳು.